ಆಟದ ಡಬ್ಬಿಯಲ್ಲಿ ಡ್ರೋನ್: ಸ್ಟೀಮ್ ಡೆಕ್ ಜೊತೆ ಎರಡು ವರ್ಷ

ತಿಪಟೂರಿನ ಹತ್ತಿರದ ನಮ್ಮ ತೆಂಗಿನ ತೋಟದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಡ್ರೋನ್ ಹಾರಿಸುವುದು ದೊಡ್ಡ ತಲೆನೋವು. ಬದುವಿನ ಮೇಲೆ ಇಟ್ಟರೆ ಕಟ್ಟಿರುವೆ. ತೊಡೆ ಮೇಲೆ ಇಟ್ಟರೆ ಎದ್ದು ನಿಂತು ಮೇಲೆ ನೋಡಲು ಆಗುವುದಿಲ್ಲ. ಭಾವ 2023ರಲ್ಲಿ ಅಮೆರಿಕದಿಂದ ಬರುವಾಗ ಸ್ಟೀಮ್ ಡೆಕ್ ಎಂಬ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ತಂದುಕೊಟ್ಟಿದ್ದರು. 256 ಜಿಬಿಯ ಎಲ್‌ಸಿಡಿ ಮಾಡೆಲ್. ಒಂದು ತಿಂಗಳು ಗೇಮ್ ಆಡಿದೆ. ಆಮೇಲೆ ಹೊಳೆಯಿತು, ಇದೂ ಒಂದು ಲಿನಕ್ಸ್ ಕಂಪ್ಯೂಟರ್ ತಾನೆ!

ಡ್ರೋನ್ ನಾನೇ ಜೋಡಿಸಿದ್ದು. 450 ಮಿ.ಮೀ. ಅಳತೆಯ ಫ್ರೇಮ್, ಹಾರಾಟ ನಿಯಂತ್ರಿಸುವ ಪಿಕ್ಸ್‌ಹಾಕ್ ಬೋರ್ಡ್, ಅದರಲ್ಲಿ ಆರ್ಡುಕಾಪ್ಟರ್ ಎಂಬ ಸಾಫ್ಟ್‌ವೇರ್. ಬ್ಯಾಟರಿ ಸೇರಿ ಒಂದೂಮುಕ್ಕಾಲು ಕೆಜಿ, ಅಂದರೆ 2 ಕೆಜಿ ಒಳಗಿನ ಮೈಕ್ರೋ ವರ್ಗ. ಕೆಲಸ ಇಷ್ಟೇ: ತೋಟದ ಮೇಲೆ ಸಾಲುಸಾಲಾಗಿ ಹಾರಿ ಫೋಟೋ ತೆಗೆಯುವುದು, ಯಾವ ಮರದ ಸುಳಿ ಕಂದಿದೆ ಎಂದು ನೋಡುವುದು.

ಡೆಕ್‌ನ ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ, ನೆಲದಿಂದ ಡ್ರೋನ್ ನಿಭಾಯಿಸುವ ಕ್ಯೂಗ್ರೌಂಡ್‌ಕಂಟ್ರೋಲ್ ಎಂಬ ಆ್ಯಪ್‌ನ ಆಪ್‌ಇಮೇಜ್ ಫೈಲ್ (ಇನ್‌ಸ್ಟಾಲ್ ಮಾಡದೇ ನೇರ ತೆರೆಯುವಂಥದ್ದು) ಇಳಿಸಿಕೊಂಡೆ. ಐದು ನಿಮಿಷದಲ್ಲಿ ತೆರೆಯಿತು. ಆದರೆ ಡ್ರೋನಿನ ಜೊತೆ ಮಾಹಿತಿ ಹಂಚಿಕೊಳ್ಳುವ ಟೆಲಿಮೆಟ್ರಿ ರೇಡಿಯೋ ಚುಚ್ಚಿದರೆ ಕನೆಕ್ಟ್ ಆಗಲೇ ಇಲ್ಲ. ಒಂದು ಸಂಜೆ ಪೂರ್ತಿ ಹಾಳು. ಕೊನೆಗೆ ಗೊತ್ತಾಗಿದ್ದು: ಉಬುಂಟು ಎಂಬ ಲಿನಕ್ಸ್‌ನಲ್ಲಿ ಇಂಥ ರೇಡಿಯೋ ಬಳಸುವ ಸೀರಿಯಲ್ ಪೋರ್ಟಿನ ಅನುಮತಿ 'ಡಯಲ್‌ಔಟ್' ಗುಂಪಿಗೆ ಇರುತ್ತದೆ. ಡೆಕ್‌ನ ಸ್ಟೀಮ್‌ಓಎಸ್ ಆರ್ಚ್ ಲಿನಕ್ಸ್ ಮೇಲೆ ಕಟ್ಟಿದ್ದು, ಇಲ್ಲಿ ಆ ಗುಂಪಿನ ಹೆಸರು 'ಯುಯುಸಿಪಿ'. ಅದಕ್ಕೆ ನನ್ನನ್ನು ಸೇರಿಸಿಕೊಂಡ ಮೇಲೆ ಸೆಕೆಂಡಿಗೆ 57600 ಬಿಟ್ ವೇಗದಲ್ಲಿ ತಟ್ಟನೆ ಲಿಂಕ್ ಸಿಕ್ಕಿತು. ಇನ್ನೊಂದು ಮಾತು, ಆರ್ಚ್‌ನಲ್ಲಿ ಸಾಫ್ಟ್‌ವೇರ್ ಹಾಕುವ ಪ್ಯಾಕ್‌ಮನ್ ಕಮಾಂಡ್ ಬಳಸಿ ಏನನ್ನೂ ಹಾಕಿಕೊಳ್ಳಬೇಡಿ. ಸಿಸ್ಟಂ ಅಪ್‌ಡೇಟ್ ಬಂದಾಗ ಅದೆಲ್ಲ ಅಳಿಸಿಹೋಗುತ್ತದೆ. ಹೋಮ್ ಫೋಲ್ಡರಿನಲ್ಲಿರುವ ಆಪ್‌ಇಮೇಜ್‌ಗೆ ಏನೂ ಆಗುವುದಿಲ್ಲ.

ನೋಡಿದವರೆಲ್ಲ ಕೇಳುವುದು ಒಂದೇ: ಡೆಕ್‌ನ ಆ ಎರಡು ಸ್ಟಿಕ್‌ನಲ್ಲೇ ಹಾರಿಸುತ್ತೀರಾ? ಇಲ್ಲ. ಒಮ್ಮೆ ಪ್ರಯತ್ನಿಸಿದೆ, ಸಾಕಾಯಿತು. ಡ್ರೋನನ್ನು ಏರಿಳಿಸುವ ಥ್ರಾಟಲ್ ಸ್ಟಿಕ್ ಬಿಟ್ಟ ಕೂಡಲೇ ನಡುವಿಗೆ ವಾಪಸ್ ಬರುತ್ತದೆ. ಅದಕ್ಕಿಂತ ಜಾಸ್ತಿ ತೊಂದರೆ ಎಂದರೆ, ನಿಧಾನದ ಟೆಲಿಮೆಟ್ರಿ ಲಿಂಕ್‌ನಲ್ಲಿ ಕೈ ಅಲ್ಲಾಡಿಸಿದ ಸ್ವಲ್ಪ ಹೊತ್ತಿಗೆ ಡ್ರೋನ್ ಅಲ್ಲಾಡುತ್ತದೆ. ತೆಂಗಿನ ಗರಿಗಳ ಮಧ್ಯೆ ಅಷ್ಟು ತಡ ಆದರೆ ಮುಗಿಯಿತು. ಹಾಗಾಗಿ ಡ್ರೋನಿನ ಮಾಮೂಲಿ ರಿಮೋಟ್, ಅಂದರೆ ಟ್ರಾನ್ಸ್‌ಮಿಟರ್, ಯಾವಾಗಲೂ ಕೊರಳಲ್ಲೇ ಇರುತ್ತದೆ. ನನಗೆ ಉಪಯೋಗಕ್ಕೆ ಬಂದಿದ್ದು ಟ್ರ್ಯಾಕ್‌ಪ್ಯಾಡ್ ಮತ್ತು ಹಿಂಬದಿಯ ನಾಲ್ಕು ಬಟನ್. ಎರಡಕ್ಕೆ ಮೌಸ್ ಚಕ್ರದ ಕೆಲಸ ಕೊಟ್ಟಿದ್ದೇನೆ, ನಕ್ಷೆ ಹತ್ತಿರ, ದೂರ. ಬೆವರಿದ ಬೆರಳಿಂದ ಸ್ಕ್ರೀನ್ ಮುಟ್ಟುವ ಗೋಜೇ ಇಲ್ಲ.

ಬಿಸಿಲಿನ ವಿಷಯಕ್ಕೆ ಬರೋಣ. ಪರದೆ 7 ಇಂಚು, ಹೊಳಪು 400 ನಿಟ್ಸ್. ಮನೆಯೊಳಗೆ ಬೇಕಾದಷ್ಟಾಯಿತು, ಮಾರ್ಚ್ ತಿಂಗಳ ಹನ್ನೊಂದು ಗಂಟೆಗೆ ಅದರಲ್ಲಿ ಕಾಣುವುದು ನಮ್ಮ ಮುಖವೇ. ಸನ್‌ಬೋರ್ಡ್ ಕತ್ತರಿಸಿ, ಒಳಗೆ ಕಪ್ಪು ಬಟ್ಟೆ ಅಂಟಿಸಿ ಒಂದು ಮರೆ ಮಾಡಿಕೊಂಡೆ. ಬೇಲಿ ಪಕ್ಕದ ಹೊಂಗೆ ಮರದ ನೆರಳೂ ಸೇರಿದರೆ ಪರವಾಗಿಲ್ಲ. ತೋಟದಲ್ಲಿ ಮೊಬೈಲ್ ಸಿಗ್ನಲ್ ಬರುವುದಿಲ್ಲ, ಆದ್ದರಿಂದ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳುತ್ತೇನೆ.

ಈಗ ನನ್ನ ಎಡವಟ್ಟು. ಇದರ ಯುಎಸ್‌ಬಿ-ಸಿ ಪೋರ್ಟ್ ಒಂದೇ, ಅದೂ ಮೇಲಂಚಿನಲ್ಲಿ. ಪವರ್ ಬಟನ್ನೂ ಅದೇ ಅಂಚಿನಲ್ಲಿದೆ. ಕಳೆದ ವರ್ಷ ಡ್ರೋನ್ ಏಳನೇ ಸಾಲು ಮುಗಿಸಿ ತಿರುಗುತ್ತಿತ್ತು. ಸಡಿಲವಾಗಿದ್ದ ಕೇಬಲ್ ಒತ್ತಲು ಹೋದೆ, ಹೆಬ್ಬೆರಳು ಬಟನ್ ಮೇಲೆ ಬಿತ್ತು. ಪರದೆ ಕಪ್ಪು. ಡೆಕ್ ನಿದ್ದೆ ಹೋಯಿತು ಎಂದರೆ 'ನಾನಿದ್ದೇನೆ' ಎಂದು ಡ್ರೋನಿಗೆ ಸೆಕೆಂಡಿಗೊಮ್ಮೆ ಹೋಗುವ ಹಾರ್ಟ್‌ಬೀಟ್ ಸಂದೇಶವೂ ನಿಂತಿತು ಎಂದೇ ಅರ್ಥ. ಆ ಸಂದೇಶ ನಿಂತರೆ ಡ್ರೋನ್ ತಾನೇ ವಾಪಸ್ ಬರುವ ಫೇಲ್‌ಸೇಫ್ ಆನ್ ಮಾಡಿಟ್ಟಿದ್ದೆ, ಸಮಯ 5 ಸೆಕೆಂಡ್. ನಾನು ಟ್ರಾನ್ಸ್‌ಮಿಟರ್‌ಗೆ ಕೈ ಹಾಕುವಷ್ಟರಲ್ಲಿ ಮೋಟಾರಿನ ಸದ್ದು ಬದಲಾಯಿತು, ಡ್ರೋನ್ ತನ್ನಷ್ಟಕ್ಕೆ ಮನೆ ದಾರಿ ಹಿಡಿಯಿತು. ವಾಪಸ್ ಬರುವ ಎತ್ತರ, ನಾವು ಬದಲಿಸದಿದ್ದರೆ, 15 ಮೀಟರ್ ಇರುತ್ತದೆ. ನಮ್ಮ ಹಳೇ ಮರಗಳು ಅದಕ್ಕಿಂತ ಎತ್ತರ. ಸದ್ಯ, 30ಕ್ಕೆ ಏರಿಸಿದ್ದೆ. ಕೆಳಗಿಳಿದ ಮೇಲೆ ಪಕ್ಕದ ತೋಟದವರು 'ಇಷ್ಟು ಬೇಗ ಮುಗೀತಾ?' ಎಂದರು. ಹೂಂ ಎಂದೆ. ಮಾರನೇ ದಿನವೇ ಆ ಬಟನ್ ಸುತ್ತ ರಬ್ಬರ್ ಉಂಗುರ ಅಂಟಿಸಿದೆ.

ಪೂರ್ತಿ ಹೊಳಪಿನಲ್ಲಿ ಚಾರ್ಜ್ ನನಗೆ ಮೂರೂವರೆ ಗಂಟೆ ಬರುತ್ತದೆ, ಅಷ್ಟರಲ್ಲಿ ಡ್ರೋನಿನ ಬ್ಯಾಟರಿಗಳೇ ಮುಗಿದಿರುತ್ತವೆ. ಡ್ರೋನಿನ ಸೆಟ್ಟಿಂಗ್‌ಗಳನ್ನು (ಪ್ಯಾರಾಮೀಟರ್) ಟೈಪ್ ಮಾಡುವುದು ಮಾತ್ರ ಹಿಂಸೆ. ಆ ಕೆಲಸ ಮನೆಯಲ್ಲಿ ಲ್ಯಾಪ್‌ಟಾಪಿನಲ್ಲೇ.

ಡ್ರೋನಿಗೆ ಅಂತಲೇ ಇದನ್ನು ಕೊಳ್ಳಬೇಡಿ, ಹಳೇ ಆಂಡ್ರಾಯ್ಡ್ ಟ್ಯಾಬ್ ಇದ್ದರೆ ಅದೇ ಸಾಕು. ಡೆಕ್ ಮನೆಯಲ್ಲಿ ಸುಮ್ನೆ ಬಿದ್ದಿದ್ದರೆ ಧಾರಾಳವಾಗಿ ಬಳಸಿ. ನಮ್ಮ ಮನೆಯಲ್ಲಿ ಅದು ಸುಮ್ನೆ ಬೀಳುವುದಿಲ್ಲ. ಮಗ ರಾತ್ರಿ ಕಾರ್ ರೇಸ್ ಆಡಿ 4 ಪರ್ಸೆಂಟ್ ಉಳಿಸಿಟ್ಟಿರುತ್ತಾನೆ. ಹಾರಿಸುವ ಹಿಂದಿನ ದಿನ ಬೀರುವಿನೊಳಗೆ ಇಟ್ಟು ಬೀಗ ಹಾಕುತ್ತೇನೆ.