ಅಪ್ಪನ ಸ್ಪ್ಲೆಂಡರ್, ನನ್ನ ಹೊಸ ಗಾಡಿ

ಗದಗದಿಂದ ಹುಬ್ಬಳ್ಳಿಗೆ ದಿನಾ ಗಾಡಿ ಮೇಲೆಯೇ ಓಡಾಡುತ್ತೇನೆ. ಎರಡು ವರ್ಷದ ಹಿಂದೆ ಕೊಂಡ 350 ಸಿಸಿ ಗಾಡಿ. ಕಂಪನಿ ಹೆಸರು ಬೇಡ ಬಿಡಿ. ನೋಡೋಕೆ ಚೆಂದ, ಪೇಂಟೂ ಗಟ್ಟಿ. ಆದರೆ ಮೊದಲ ಮಳೆಗಾಲಕ್ಕೇ ಸೈಲೆನ್ಸರ್ ಬೋಲ್ಟಿಗೆ ತುಕ್ಕು ಹಿಡಿಯಿತು. ಒಮ್ಮೆ ಅಣ್ಣಿಗೇರಿ ಹತ್ತಿರ ಇಂಜಿನ್ ಒಮ್ಮೆಲೇ ಬಂದ್. ಅರ್ಧ ತಾಸು ಒದ್ದಾಡಿದ ಮೇಲೆ ಗೊತ್ತಾಯಿತು, ಸ್ಟ್ಯಾಂಡ್ ಇಳಿದಿದ್ದರೆ ಗಾಡಿ ಹೊರಡದಂತೆ ಇಂಜಿನ್ ಬಂದ್ ಮಾಡುವ ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಎರೆಮಣ್ಣು ಮೆತ್ತಿಕೊಂಡಿತ್ತು! ಬಾಟಲಿ ನೀರು ಸುರಿದು ತೊಳೆದೆ, ಹೊರಟಿತು.

ಅಪ್ಪನ ಹಳೇ ಸ್ಪ್ಲೆಂಡರ್ 97.2 ಸಿಸಿ. ಅದಕ್ಕೆ ಆ ಸ್ವಿಚ್ಚೇ ಇಲ್ಲ. ಸೀಟು ಹರಿದಿದೆ, ಇಂಜಿನ್ ಸದ್ದು ಮಾತ್ರ ಹೊಲಿಗೆ ಮಷೀನಿನ ಹಾಗೆ. ಟೈಮಿಗೆ ಆಯಿಲ್ ಬದಲಿಸಿ ಚೈನ್ ಬಿಗಿ ಮಾಡಿಸಿದರೆ ಸಾಕು. ಜಾಸ್ತಿ ಮಳೆ ಬಂದ ದಿನ ನಾನೂ ಅದರ ಕೀಲಿಯನ್ನೇ ಕೇಳುತ್ತೇನೆ. "ಯಾಕಪ್ಪಾ, ನಿಂದ ಎಲ್ಲೈತಿ?" ಅಂತ ಅಪ್ಪ ನಗುತ್ತಾರೆ.