ಮನೆಗೆ ನುಗ್ಗುವ ದೊಡ್ಡ ಜೇಡ: ಲೋಟವೋ, ಕೋಲೋ, ಪೆಪ್ಪರ್‌ಮಿಂಟ್ ಎಣ್ಣೆಯೋ?

ಸೆಪ್ಟೆಂಬರ್ ಬಂತೆಂದರೆ ಇಂಗ್ಲೆಂಡಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಗಣಪತಿ ಹಬ್ಬದ ಫೋಟೋಗಳ ಮಧ್ಯೆ ಜೇಡದ ಫೋಟೋಗಳೂ ಶುರುವಾಗುತ್ತವೆ. ‘ಇದು ಕಚ್ಚುತ್ತಾ?’, ‘ಓಡಿಸೋದು ಹೇಗೆ?’ ಅಂತ ಪ್ರಶ್ನೆ. ಒಬ್ಬೊಬ್ಬರದೂ ಒಂದೊಂದು ಮದ್ದು. ನಮ್ಮದು ಹಳೇ ಟೆರೇಸ್ ಮನೆ, ಅಂದರೆ ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆ, ಜೇಡಗಳಿಗೆ ಬರವಿಲ್ಲ. ಹಾಗಾಗಿ ಅವರು ಹೇಳಿದ್ದರಲ್ಲಿ ಬಹುಪಾಲು ಮಾಡಿ ನೋಡಿಯಾಗಿದೆ.

ಇವು, ಅಂದರೆ ಇಲ್ಲಿಯ ಜೈಂಟ್ ಹೌಸ್ ಸ್ಪೈಡರ್‌ಗಳು, ಚಳಿಗೆ ಹೆದರಿ ಒಳಗೆ ಬರುತ್ತವೆ ಅನ್ನುವುದು ಅಷ್ಟು ಸರಿಯಲ್ಲ. ಈ ತಿಂಗಳುಗಳಲ್ಲಿ ಓಡಾಡುವುದು ಹೆಚ್ಚಾಗಿ ಗಂಡು ಜೇಡ, ಹೆಣ್ಣನ್ನು ಹುಡುಕಿಕೊಂಡು ಹೊರಟದ್ದು. ಎಷ್ಟೋ ಸಲ ಅದು ಮೊದಲಿಂದಲೂ ನೆಲಹಲಗೆಯ ಕೆಳಗೋ ಬೀರುವಿನ ಹಿಂದೆಯೋ ಬಾಡಿಗೆ ಕೊಡದೆ ಇದ್ದದ್ದೇ. ಮೈ ಒಂದೂವರೆ ಸೆಂಟಿಮೀಟರ್ ದಾಟುವುದು ಕಷ್ಟ, ಆದರೆ ಕಾಲು ಚಾಚಿದರೆ 7 ಸೆಂಟಿಮೀಟರ್ ಆಗುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತದೆ. ಕಚ್ಚುವುದು ತೀರಾ ಅಪರೂಪ, ಕಚ್ಚಿದರೂ ಅಪಾಯವಿಲ್ಲ. ಮಲೆನಾಡಿನ ಮನೆಗಳಲ್ಲಿ ಜಿರಲೆ ಹಿಡಿಯುವ ದೊಡ್ಡ ಜೇಡ ನೋಡಿ ಬೆಳೆದವರಿಗೆ ಈ ಗಾತ್ರ ಹೊಸದೇನಲ್ಲ. ಆದರೆ ಅದು ಗೋಡೆಯ ಮೇಲೆ ತನ್ನ ಪಾಡಿಗೆ ಇರುತ್ತದೆ. ಇದು ನಾವು ಟಿವಿ ನೋಡುತ್ತಾ ಕೂತಾಗ ಕಾಲಬುಡದಲ್ಲೇ ಓಡುತ್ತದೆ!

ಮೊದಲು ‘ಬರದ ಹಾಗೆ ಮಾಡುವ’ ಮದ್ದುಗಳು. ಹಾರ್ಸ್ ಚೆಸ್ಟ್‌ನಟ್ ಮರದ ಕಂದು ಬೀಜ, ಇಲ್ಲಿಯವರ ಕಾಂಕರ್, ಪಾರ್ಕಿನಲ್ಲಿ ಬಿಟ್ಟಿ ಸಿಗುತ್ತದೆ. ಕಿಟಕಿಯ ಮೂಲೆಗೆಲ್ಲ ಇಟ್ಟೆವು. ಎರಡು ಬೀಜಗಳ ನಡುವೆಯೇ ಒಂದು ಪುಟ್ಟ ಜೇಡ ಬಲೆ ಕಟ್ಟಿಕೊಂಡಿತು. ಪೆಪ್ಪರ್‌ಮಿಂಟ್ ಎಣ್ಣೆಯನ್ನು ನೀರಿಗೆ ಹಾಕಿ ಸಿಂಪಡಿಸಿದರೆ ಮನೆಯೆಲ್ಲ ವಿಕ್ಸ್ ಡಬ್ಬಿಯೊಳಗೆ ಮಲಗಿದ ಹಾಗೆ. ಎರಡು ದಿನಕ್ಕೆ ವಾಸನೆ ಹೋಗುತ್ತದೆ, ಮತ್ತೆ ಸಿಂಪಡಿಸಬೇಕು. ಬೆಕ್ಕು ಸಾಕಿದವರು ಇದರ ತಂಟೆಗೇ ಹೋಗಬೇಡಿ, ಬೆಕ್ಕಿಗೆ ಈ ಎಣ್ಣೆ ವಿಷ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪೆಪ್ಪರ್‌ಮಿಂಟ್‌ಗೂ ಚೆಸ್ಟ್‌ನಟ್‌ಗೂ ಕೆಲವು ಜೇಡಗಳು ದೂರ ಸರಿದವು, ನಿಂಬೆ ಎಣ್ಣೆಗೆ ಕ್ಯಾರೇ ಅನ್ನಲಿಲ್ಲ. ಆದರೆ ಅಲ್ಲಿ ಪರೀಕ್ಷಿಸಿದ್ದು ಬೇರೆ ಜಾತಿಗಳನ್ನು. ನಮ್ಮ ಮನೆಯ ಗಂಡು ಜೇಡ ಮಾತ್ರ ಆ ವಾಸನೆಯ ನಡುವೆಯೇ ನಡೆದುಕೊಂಡು ಹೋಯಿತು. ಬಾಗಿಲಡಿಗೆ ಬ್ರಷ್ ಪಟ್ಟಿ ಹಾಕಿಸಿದ್ದರಿಂದ ತಣ್ಣನೆ ಗಾಳಿ ನಿಂತಿತು, ಅದೇ ಲಾಭ. ಒಳಗೇ ಇರುವ ಜೇಡಕ್ಕೆ ಪಟ್ಟಿ ಏನು ಮಾಡೀತು?

ಇನ್ನು ಹಿಡಿಯುವ ದಾರಿಗಳು. ನನ್ನ ಓಟು ಲೋಟ ಮತ್ತು ರಟ್ಟಿಗೆ. ಆದರೆ ಲೋಟ ಗಾಜಿನದೇ ಆಗಬೇಕು, ಬಾಯಿ ಅಗಲ ಇರಬೇಕು. ಸ್ಟೀಲ್ ಲೋಟದಲ್ಲಿ ಕಾಲು ಎಲ್ಲಿದೆ ಅಂತ ಕಾಣುವುದಿಲ್ಲ, ಅಂಚಿಗೆ ಸಿಕ್ಕಿ ಮುರಿಯುತ್ತದೆ. ಜೇಡ ಓಡಿ ಓಡಿ ಒಂದು ಕಡೆ ಗಕ್ಕನೆ ನಿಲ್ಲುತ್ತದಲ್ಲ, ಆಗ ಮುಚ್ಚಿ. ಅಂಚಿನಿಂದ ಹೊರಗಿರುವ ಕಾಲನ್ನು ಅದೇ ಒಳಗೆಳೆದುಕೊಳ್ಳುವ ತನಕ ಒತ್ತಬೇಡಿ. ರಟ್ಟು ಅಂದರೆ ಲೋಟದ ಅಡಿಗೆ ತೂರಿಸಲು ಹಳೇ ಬರ್ತ್‌ಡೇ ಕಾರ್ಡ್. ಎ4 ಹಾಳೆ ಮಡಚಿಕೊಳ್ಳುತ್ತದೆ. ಕಾರ್ಪೆಟ್ ಮೇಲಾದರೆ ಕಾರ್ಡನ್ನು ಎಳೆಗಳ ವಾಲು ನೋಡಿ ತೂರಿಸಿ. ನುಣುಪು ಗಾಜನ್ನು ಇದು ಹತ್ತಲಾರದು, ಹಾಗಾಗಿ ಒಮ್ಮೆ ಮುಚ್ಚಿದ ಮೇಲೆ ಅವಸರವಿಲ್ಲ. ಬೇಕಾದರೆ ಚಹಾ ಮುಗಿಸಿ ಬನ್ನಿ.

ಇದರ ಕೊರತೆ ಒಂದೇ, ಕೈ ಜೇಡದ ತೀರಾ ಹತ್ತಿರ ಹೋಗುತ್ತದೆ. ನನ್ನ ಹೆಂಡತಿಗೆ ಅದು ಸುತಾರಾಂ ಆಗುವುದಿಲ್ಲ. ಅವಳಿಗೆ ಉದ್ದ ಕೋಲಿನ ತುದಿಯಲ್ಲಿ ಮೆತ್ತನೆ ಬ್ರಷ್ ಇರುವ ಸಾಧನ ತಂದೆವು. ಹಿಡಿ ಅದುಮಿದರೆ ಎಳೆಗಳು ಅರಳುತ್ತವೆ, ಬಿಟ್ಟರೆ ಜೇಡದ ಸುತ್ತ ಮುಚ್ಚಿಕೊಳ್ಳುತ್ತವೆ. ಮೇಲಿನ ಮೂಲೆಗಳಿಗೆ, ಪರದೆಯ ನೆರಿಗೆಗೆ ಇದೇ ವಾಸಿ, ಲೋಟ ಅಲ್ಲಿಗೆ ಎಟುಕುವುದೇ ಇಲ್ಲ. ನೆಲ ಮತ್ತು ಗೋಡೆ ಸೇರುವ ಸಂದಿಯಲ್ಲಿ ಮಾತ್ರ ಸರಿಯಾಗಿ ಮುಚ್ಚದೆ ಜೇಡ ಜಾರಿಕೊಳ್ಳುತ್ತದೆ.

ವ್ಯಾಕ್ಯೂಮ್ ಕ್ಲೀನರ್ ಎಲ್ಲಕ್ಕಿಂತ ಸುಲಭ, ಆದರೆ ಜೇಡ ಬಹುಮಟ್ಟಿಗೆ ಸತ್ತೇ ಹೋಗುತ್ತದೆ. ನನಗೆ ಹಿಡಿಸಲಿಲ್ಲ. ನಿಜವಾದ ಭಯ ಇರುವವರನ್ನು ದೂರಲಾರೆ.

ಬಾತ್‌ಟಬ್ಬಿನಲ್ಲಿ ಸಿಕ್ಕರೆ ಇದ್ಯಾವುದೂ ಬೇಡ. ಅದು ಪೈಪಿನಿಂದ ಬಂದದ್ದಲ್ಲ, ಪೈಪಿನ ಬಾಗಿನಲ್ಲಿ ಸದಾ ನೀರು ನಿಂತಿರುತ್ತದೆ. ಮೇಲಿಂದ ಬಿದ್ದದ್ದು ನುಣುಪಿನಲ್ಲಿ ಹತ್ತಲಾರದೆ ಉಳಿದಿರುತ್ತದೆ. ಟವೆಲ್ಲೊಂದನ್ನು ಅಂಚಿನಿಂದ ಇಳಿಬಿಟ್ಟು ಮಲಗಿ, ತಾನೇ ಹತ್ತಿ ಹೋಗುತ್ತದೆ. ಎಲ್ಲಿಗೆ ಅಂತ ಮಾತ್ರ ಕೇಳಬೇಡಿ.

ಹಿಡಿದದ್ದನ್ನು ಬಾಗಿಲ ಮೆಟ್ಟಿಲಲ್ಲೇ ಬಿಡುವುದು ಸುಮ್ನೆ ದಂಡ. ಶೆಡ್ಡೋ ಗ್ಯಾರೇಜೋ ಇದ್ದರೆ ಅಲ್ಲಿ ಬಿಡಿ, ಒಣ ಮೂಲೆಯೂ ತಿನ್ನಲು ಹುಳವೂ ಸಿಗುತ್ತದೆ. ಬೇಲಿಯಾಚೆ ಪಕ್ಕದ ಮನೆಗೆ ಮಾತ್ರ ಸಾಗಿಸಬೇಡಿ. ಅವರೂ ನಿಮ್ಮ ಕಡೆಗೆ ಬಿಡಲು ಲೋಟ ಹಿಡಿದು ನಿಂತಿರುತ್ತಾರೆ.