ಓಲ್ವೆರಾ ಸ್ಟ್ರೀಟೋ, ಸ್ಯಾನ್ ಡಿಯಾಗೊ ಓಲ್ಡ್ ಟೌನೋ?

ಕ್ಯಾಲಿಫೋರ್ನಿಯಾಕ್ಕೆ ಬರುವ ನೆಂಟರು "ಇಲ್ಲಿ ಹಳೇದು ಅಂತ ಏನಿದೆ, ತೋರ್ಸು" ಅಂದರೆ ನಾನು ಎರಡು ಜಾಗ ಹೇಳುತ್ತೇನೆ. ಲಾಸ್ ಏಂಜಲೀಸ್‌ನ ಓಲ್ವೆರಾ ಸ್ಟ್ರೀಟ್, ಸ್ಯಾನ್ ಡಿಯಾಗೊದ ಓಲ್ಡ್ ಟೌನ್. 1821ರಿಂದ 1848ರವರೆಗೆ ಈ ಸೀಮೆಯೆಲ್ಲ ಮೆಕ್ಸಿಕೋ ದೇಶದ್ದಾಗಿತ್ತು. ಆ ಕಾಲದ ಗುರುತು ಎರಡೂ ಊರಲ್ಲಿದೆ. ಆದರೆ ಸಮಯ ಕಮ್ಮಿ ಇದ್ದವರು ಎರಡರಲ್ಲಿ ಒಂದನ್ನು ಆರಿಸಲೇಬೇಕಲ್ವಾ?

ಹಳೇ ಮನೆ ನೋಡಬೇಕು, ಆಗಿನವರು ಹೇಗೆ ಬಾಳಿದ್ದರು ಅಂತ ತಿಳಿಯಬೇಕು ಅನ್ನುವವರಿಗೆ ಸ್ಯಾನ್ ಡಿಯಾಗೊ ಮೇಲು. ಅಲ್ಲಿನ ಎಸ್ತುದೀಯೊ ಕುಟುಂಬದ ಮನೆ 1827ರ ಸುಮಾರಿಗೆ ಕಟ್ಟಿದ್ದು. ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆ. ನಡುವೆ ಅಂಗಳ, ಅದರ ಮೂರು ಕಡೆ ಜಗಲಿ, ಜಗಲಿಯಿಂದಲೇ ಕೋಣೆಗಳಿಗೆ ಬಾಗಿಲು. ನಮ್ಮ ತೊಟ್ಟಿ ಮನೆ ಕಂಡವರಿಗೆ ಒಳಗೆ ಕಾಲಿಟ್ಟ ಕೂಡಲೇ ಅದರ ಲೆಕ್ಕಾಚಾರ ಅರ್ಥವಾಗುತ್ತದೆ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ತಂಪು. ಒಂದು ವಿಷಯ ಮಾತ್ರ ತಿಳಿದಿರಲಿ. ಈ ಮನೆ ಹಾಳು ಬಿದ್ದಿತ್ತು. 1910ರಲ್ಲಿ ರಿಪೇರಿ ಮಾಡಿಸಿ, ಒಂದು ಕಾದಂಬರಿಯ ನಾಯಕಿಯ ಮದುವೆ ಇಲ್ಲೇ ಆಯಿತು ಅಂತ ಹೇಳಿ ಪ್ರವಾಸಿಗರನ್ನು ಕರೆದರು. 1872ರ ಬೆಂಕಿಯಲ್ಲಿ ಊರಿನ ಹಲವು ಕಟ್ಟಡಗಳು ಸುಟ್ಟಿದ್ದವು. ಹಾಗಾಗಿ ಇಲ್ಲಿ ಕಾಣುವುದರಲ್ಲಿ ಮರಳಿ ಕಟ್ಟಿದ್ದೂ ಸಾಕಷ್ಟಿದೆ.

1968ರಿಂದ ಇದು ರಾಜ್ಯದ ಪಾರ್ಕ್. ಒಳಗೆ ಕಾರುಗಳ ಕಾಟವಿಲ್ಲ. ಕುಲುಮೆ, ಹಳೇ ಕುದುರೆಗಾಡಿಗಳು ಮಕ್ಕಳಿಗೆ ತುಂಬ ಹಿಡಿಸುತ್ತವೆ. ಪಾರ್ಕಿನ ಆಚೆ ಸ್ಯಾನ್ ಡಿಯಾಗೊ ಅವೆನ್ಯೂದಲ್ಲಿ ಎಲ್ ಕಾಂಪೊ ಸಾಂತೊ ಅನ್ನುವ ಪುಟ್ಟ ಸ್ಮಶಾನವಿದೆ. ಅಲ್ಲಿ ರಸ್ತೆ ಮಾಡುವಾಗ ಕೆಲವು ಗೋರಿಗಳ ಮೇಲೆಯೇ ಹಾದುಹೋಗಿದ್ದಾರೆ. ಡಾಂಬರಿನಲ್ಲಿ, ಫುಟ್‌ಪಾತಿನಲ್ಲಿ ಪುಟ್ಟ ಲೋಹದ ಬಿಲ್ಲೆ ಕೂರಿಸಿ ಗೋರಿಯ ಜಾಗ ಗುರುತಿಸಿದ್ದಾರೆ. ಜನ ನೋಡದೆ ತುಳಿದು ಹೋಗುವುದನ್ನು ಕಂಡು ನನಗೆ ಸಂಕಟವಾಯಿತು.

ಓಲ್ವೆರಾ ಸ್ಟ್ರೀಟ್ ಇದರ ಮುಂದೆ ಚಿಕ್ಕದು. ಇಟ್ಟಿಗೆ ಹಾಸಿದ ಕಿರಿದಾದ ಓಣಿ, ಚರ್ಮದ ಚಪ್ಪಲಿ, ಟೋಪಿ, ಬೊಂಬೆ ಮಾರುವ ಸಾಲು ಅಂಗಡಿ. ಇದನ್ನೂ 1930ರಲ್ಲಿ ಮೆಕ್ಸಿಕನ್ ಸಂತೆಯ ಹಾಗೆ ಪ್ರವಾಸಿಗರಿಗಾಗಿಯೇ ಸಜ್ಜು ಮಾಡಿದ್ದು. ಕೆಡವಲು ಹೊರಟಿದ್ದ 1818ರ ಆವಿಲಾ ಮನೆಯನ್ನು ಉಳಿಸಲು ಕ್ರಿಸ್ಟೀನ್ ಸ್ಟರ್ಲಿಂಗ್ ಎಂಬಾಕೆ ಹೋರಾಡಿದ್ದರಿಂದ ಇದೆಲ್ಲ ಶುರುವಾಯಿತು. ಮೊದಲು ಅಂಗಡಿ ಇಟ್ಟವರ ಮಕ್ಕಳು ಮೊಮ್ಮಕ್ಕಳು ಕೆಲವು ಕಡೆ ಈಗಲೂ ವ್ಯಾಪಾರ ಮಾಡುತ್ತಿದ್ದಾರೆ. ಎದುರಿನ ಚೌಕದಲ್ಲಿ 1781ರಲ್ಲಿ ಊರು ಕಟ್ಟಿದ 44 ಜನರ ಫಲಕವಿದೆ. ನಿಧಾನವಾಗಿ ಓದಿ. ಅರ್ಧಕ್ಕಿಂತ ಜಾಸ್ತಿ ಮಂದಿ ಆಫ್ರಿಕಾ ಮೂಲದ ರಕ್ತ ಹೊಂದಿದವರು, ಉಳಿದವರಲ್ಲಿ ಮೆಕ್ಸಿಕೋ ಕಡೆಯಿಂದ ಬಂದ ಮೂಲನಿವಾಸಿಗಳೂ ಇದ್ದಾರೆ. ಪಕ್ಕದ ಲಾ ಪ್ಲಸೀತಾ ಚರ್ಚಿನಲ್ಲಿ ಇವತ್ತಿಗೂ ಸ್ಪ್ಯಾನಿಶ್‌ನಲ್ಲಿ ಪೂಜೆ ನಡೆಯುತ್ತದೆ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಅಮೇರಿಕಾ ಟ್ರಾಪಿಕಾಲ್' ಎಂಬ ಗೋಡೆಚಿತ್ರ. 1932ರಲ್ಲಿ ಮೆಕ್ಸಿಕೋದ ಕಲಾವಿದ ದಾವೀದ್ ಅಲ್ಫಾರೊ ಸಿಕೇರೋಸ್ ಬರೆದದ್ದು. ಕೆಲಸ ಕೊಟ್ಟವರಿಗೆ ಬೇಕಿದ್ದದ್ದು ಹಸಿರು ಕಾಡಿನ ಚೆಂದದ ನೋಟ. ಅವನು ಬರೆದದ್ದು ಶಿಲುಬೆಗೆ ಕಟ್ಟಿದ ಮೂಲನಿವಾಸಿಯನ್ನು, ಅವನ ತಲೆಯ ಮೇಲೆ ಅಮೆರಿಕದ ಹದ್ದನ್ನು. ಕೆಲವೇ ವರ್ಷಗಳಲ್ಲಿ ಅದಕ್ಕೆ ಪೂರ್ತಿ ಬಿಳಿ ಬಣ್ಣ ಬಳಿದರು. ಜನ ಮತ್ತೆ ನೋಡುವಂತಾಗಿದ್ದು 2012ರಲ್ಲಿ. ಬಣ್ಣ ಬಹಳ ಮಾಸಿದೆ, ಆದರೂ ಆಕಾರ ಗೊತ್ತಾಗುತ್ತದೆ. ಬಣ್ಣದ ಸಂತೆಯ ನೆತ್ತಿಯ ಮೇಲೇ ಈ ಚಿತ್ರ ಇದೆ. ಸ್ಯಾನ್ ಡಿಯಾಗೊದಲ್ಲಿ ಮೆಕ್ಸಿಕೋ ಅಂದರೆ ಹಿಂದಿನ ಕಾಲದ ಸುಂದರ ಮನೆತನಗಳು. ಇಲ್ಲಿ ಅದು ಇನ್ನೂ ಮುಗಿಯದ ಜಗಳ.

ಊಟದ ವಿಷಯಕ್ಕೆ ಬಂದರೆ ಆರಾಮವಾಗಿ ಕೂತು ತಿನ್ನಲು ಸ್ಯಾನ್ ಡಿಯಾಗೊ ಸರಿ. ಹೆಂಗಸರು ಕೈಯಲ್ಲೇ ತಟ್ಟಿ ಬೇಯಿಸುವ ಬಿಸಿ ಟೋರ್ಟಿಯಾ (ಮೆಕ್ಸಿಕನ್ ರೊಟ್ಟಿ) ಬಲು ರುಚಿ. ಓಲ್ವೆರಾದಲ್ಲಿ ನಿಂತು ತಿನ್ನುವ ತಿಂಡಿ ಜಾಸ್ತಿ. 1934ರಿಂದ ನಡೆಯುತ್ತಿರುವ ಸಿಯೆಲಿತೊ ಲಿಂದೊ ಅಂಗಡಿಯ ಟಾಕೀತೊ, ಅಂದರೆ ಒಳಗೆ ಮಾಂಸವಿಟ್ಟು ಸುತ್ತಿ ಕರಿದ ಟೋರ್ಟಿಯಾ, ಹೆಸರುವಾಸಿ. ಅದು ಬೀಫ್, ತಿನ್ನದವರು ಗಮನಿಸಿ. ಸಸ್ಯಾಹಾರಿಗಳು ಎರಡೂ ಕಡೆ ಕೇಳಿಯೇ ತಗೊಳ್ಳಿ. ಬೀನ್ಸ್‌ಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಸಾರು ಹಾಕುವುದು ಮಾಮೂಲು.

ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಓಲ್ಡ್ ಟೌನ್‌ಗೇ ಹೋಗಿ. ಒಂದೇ ಕಡೆ ಹೋಗಲು ಸಾಧ್ಯ, ಜೊತೆಗೆ ಮಕ್ಕಳಿಲ್ಲ ಅಂದರೆ ನನ್ನ ಮತ ಓಲ್ವೆರಾಕ್ಕೆ. ಎರಡೂ ನೋಡುವ ಆಸೆಯಿದ್ದರೆ ಕಾರೇ ಬೇಡ. ಓಲ್ವೆರಾದಿಂದ ರಸ್ತೆ ದಾಟಿದರೆ ಯೂನಿಯನ್ ಸ್ಟೇಷನ್. ಅಲ್ಲಿಂದ ಪೆಸಿಫಿಕ್ ಸರ್ಫ್‌ಲೈನರ್ ರೈಲು ಸುಮಾರು ಮೂರು ಗಂಟೆಯಲ್ಲಿ ಸ್ಯಾನ್ ಡಿಯಾಗೊ ಮುಟ್ಟಿಸುತ್ತದೆ. ಓಲ್ಡ್ ಟೌನ್ ಸ್ಟೇಷನ್ನಿನಲ್ಲಿ ನಿಲ್ಲುವ ರೈಲು ನೋಡಿ ಟಿಕೆಟ್ ಮಾಡಿಸಿ, ಸಮುದ್ರ ಕಾಣಲು ಬಲಗಡೆ ಕಿಟಕಿ ಹಿಡಿಯಿರಿ.